ಏಳು ವರ್ಷದ ಹಿಂದೆ ಸತ್ತ ಕರಿಮತ್ತಿ: ಕಟ್ಟಿಗೆಗೆ ಇನ್ನೂ ಬರುತ್ತಾ?

ತೋಟದಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಮೇಲ್ಗಡೆ, ನಮ್ಮದೇ ಹಿಡುವಳಿ ಜಾಗದಲ್ಲಿ, ಒಂದು ಕರಿಮತ್ತಿ ಮರ ಸತ್ತು ಆರೇಳು ವರ್ಷ ಒಣಗಿ ನಿಂತಿತ್ತು. ಈ ಸಲದ ಆಷಾಢದ ಗಾಳಿಗೆ ಬುಡ ಕಿತ್ತು ಬಿತ್ತು. ತೊಗಟೆ ಬಿಟ್ಟು ಸುತ್ತಳತೆ 7 ಅಡಿ, ನೇರ ಬೊಡ್ಡೆ 20 ಅಡಿ. ಕೊಂಬೆ ಬೇರೆ.

ಈಗ ಕಾಣೋ ಸ್ಥಿತಿ ಹೀಗಿದೆ. ತೊಗಟೆ ಮುಕ್ಕಾಲು ಪಾಲು ಉದುರಿದೆ. ಕತ್ತಿ ಮೊನೆ ಒತ್ತಿದರೆ ಸುಮಾರು 2 ಇಂಚು ಸಲೀಸಾಗಿ ಒಳಗೆ ಹೋಗುತ್ತೆ, ಆಮೇಲೆ ಗಟ್ಟಿ ಸಿಗುತ್ತೆ. ನೆಲಕ್ಕೆ ತಾಗಿದ ಕಡೆ ಒರಲೆ ಮಣ್ಣು ಕಟ್ಟಿದೆ. ಮಗ್ಗುಲಲ್ಲಿ ಸಾಲಾಗಿ ಬಿಳಿ ತಟ್ಟೆಯಂಥ ಅಣಬೆ ಎದ್ದಿದೆ. ಬುಡದ ಕಡೆ ನಡುವೆ ಅಂಗೈ ಹಿಡಿಯುವಷ್ಟು ಪೊಟರೆ ಇದೆ.

ಬೇಕಾಗಿರೋದು ವರ್ಷಪೂರ್ತಿ ಬಚ್ಚಲಿನ ಹಂಡೆ ಒಲೆಗೆ, ಮುಂದಿನ ಕೊಯ್ಲಿಗೆ ಅಡಿಕೆ ಬೇಯಿಸೋಕೆ. ಊರಲ್ಲಿ ಎರಡು ಮಾತು. "ಸತ್ತು ಇಷ್ಟು ವರ್ಷ ಆದ ಮರದಲ್ಲಿ ಸತ್ವ ಇರಲ್ಲ, ಗರಗಸದವನಿಗೆ ಕೊಡೋ ದುಡ್ಡು ದಂಡ" ಅಂತ ಕೆಲವರು. "ನಿಂತೇ ಒಣಗಿದ ಮರ, ಕುಯ್ದ ಮರುದಿನವೇ ಒಲೆಗೆ ಹಾಕಬಹುದು" ಅಂತ ಇನ್ನು ಕೆಲವರು. ಗರಗಸದವರನ್ನ ಕರೆಸೋ ಮೊದಲೇ ಇದನ್ನ ತೀರ್ಮಾನ ಮಾಡೋದು ಹೇಗೆ?

ಚೇಗು

ಸತ್ತು ಎಷ್ಟು ವರ್ಷ ಆಯ್ತು ಅನ್ನೋ ಲೆಕ್ಕ ಸದ್ಯಕ್ಕೆ ಪಕ್ಕಕ್ಕಿಡಿ. ಕಟ್ಟಿಗೆಯ ಶಾಖ ಇರೋದು ಅದರ ತೂಕದಲ್ಲಿ. ಯಾವ ಜಾತಿಯದೇ ಆಗಲಿ, ಪೂರ್ತಿ ಒಣಗಿದ 1 ಕಿಲೋ ಕಟ್ಟಿಗೆಯಿಂದ ಹೆಚ್ಚುಕಡಿಮೆ 4500 ಕಿಲೋಕ್ಯಾಲೊರಿ ಶಾಖ ಬರುತ್ತೆ. ಮತ್ತಿ ಆದರೂ ಅಷ್ಟೇ, ಬೂರುಗ ಆದರೂ ಅಷ್ಟೇ. ಮತ್ತಿಯಲ್ಲಿ ಒಂದು ಕಿಲೋ ಒಂದು ಹಿಡಿ ತುಂಡಿನಲ್ಲಿ ಅಡಗಿರುತ್ತೆ, ಬೂರುಗದಲ್ಲಿ ಅದಕ್ಕೆ ಒಂದು ತೋಳು ತುಂಬ ಬೇಕು, ಅಷ್ಟೇ ವ್ಯತ್ಯಾಸ. ಕಾಲ ಮರದ ತೂಕ ತಿನ್ನಲ್ಲ. ತಿನ್ನೋದು ಶಿಲೀಂಧ್ರ, ಒರಲೆ, ಕುಟ್ಟೆ ಹುಳ. ಅವು ತಿಂದಷ್ಟು ಶಾಖ ಹೋಯ್ತು, ತಿನ್ನದೆ ಬಿಟ್ಟಷ್ಟು ಉಳೀತು.

ಅದಕ್ಕೇ ಊರಿನ ಎರಡೂ ಮಾತು ಅರ್ಧರ್ಧ ಸರಿ. ನಿಮ್ಮ ಮರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಇದೆ: ಎಷ್ಟು ಲಡ್ಡಾಗಿದೆ (ಅಂದರೆ ಕೊಳೆತು ಮೆತ್ತಗಾಗಿದೆ), ಎಷ್ಟು ಹಸಿ ಇದೆ. ಲಡ್ಡಾದದ್ದು ಮರಳಿ ಗಟ್ಟಿ ಆಗಲ್ಲ. ಹಸಿ ಇದ್ದದ್ದು ಒಣಗುತ್ತೆ. ಇವೆರಡನ್ನ ಗಂಟು ಹಾಕಿದರೆ ಒಳ್ಳೆ ಕಟ್ಟಿಗೆಯನ್ನ ಬಿಸಾಡ್ತೀರಿ, ಇಲ್ಲಾ ಹಸಿ ಕಟ್ಟಿಗೆಯನ್ನ ಒಲೆಗೆ ತುರುಕಿ ಹೊಗೆ ಕುಡಿತೀರಿ.

ಮೊದಲು ಲಡ್ಡಿನ ವಿಷಯ. ಮತ್ತಿಯಲ್ಲಿ ಹೊರಗಿನ ಬಿಳಿ ಪದರ ಬೇರೆ, ಒಳಗಿನ ಕಂದು ಬಣ್ಣದ ಚೇಗು ಬೇರೆ. ಜೀವ ಇದ್ದಾಗ ನೀರು ಏರ್ತಾ ಇದ್ದದ್ದು ಬಿಳಿಯಲ್ಲಿ. ಅದರಲ್ಲಿ ಹಿಟ್ಟು, ಸಕ್ಕರೆ ಇರುತ್ತೆ, ಕಾಯುವ ಗುಣ ಏನೂ ಇಲ್ಲ. ಮಲೆನಾಡಿನ ಎರಡು ಮೂರು ಮಳೆಗಾಲ ಸಾಕು ಅದು ಹಾಳಾಗೋಕೆ. ಚೇಗಿನಲ್ಲಿ ಮರವೇ ತುಂಬಿಟ್ಟ ಕಹಿ, ಒಗರು ಪದಾರ್ಥ ಇರುತ್ತೆ, ಅದು ಹುಳಕ್ಕೂ ಅಣಬೆಗೂ ಒಗ್ಗಲ್ಲ. ಕತ್ತಿ ಮೊನೆ 2 ಇಂಚು ಹೋಗಿ ಆಮೇಲೆ ಗಟ್ಟಿ ಸಿಕ್ಕಿತು ಅಂದಿರಲ್ಲ, ಅಲ್ಲಿಗೆ ಬಿಳಿ ಮುಗಿದು ಚೇಗು ಶುರುವಾಗಿದೆ ಅಂತ ಅರ್ಥ. ಮಗ್ಗುಲಲ್ಲಿ ಅಣಬೆ ಎದ್ದಿರೋದೂ ಬಿಳಿ ಪದರವನ್ನ ತಿಂತಾ ಇರೋ ಅಣಬೆ ಇರಬೇಕು. ಕುಯ್ದ ತುದಿಯ ನಡುವಿನಿಂದ ಅಥವಾ ಹಳೇ ಗಾಯದಿಂದ ಅಣಬೆ ಎದ್ದಿದ್ದರೆ ಚೇಗಿನ ಬಗ್ಗೆ ಹೆದರಬೇಕಿತ್ತು.

ಖಾತ್ರಿ ಮಾಡ್ಕೊಳ್ಳೋಕೆ ಸಣ್ಣ ಪರೀಕ್ಷೆ ಇದೆ. ಕೊಡಲಿಯಿಂದ ಲಡ್ಡು ಪದರ ಕೆತ್ತಿ ತೆಗೆದು ಗಟ್ಟಿ ಮೈ ಕಾಣಿಸಿ. ಕತ್ತಿ ಮೊನೆಯನ್ನ ಎಳೆಗೆ ಅಡ್ಡವಾಗಿ ಕಾಲು ಇಂಚು ಚುಚ್ಚಿ ಮೇಲಕ್ಕೆ ಮೀಟಿ. ಗಟ್ಟಿ ಮರ ಆದರೆ ಉದ್ದನೆ ಸಿಬಿರು ಚಟ್ ಅಂತ ಸದ್ದು ಮಾಡಿ ಏಳುತ್ತೆ, ಅದರ ಒಂದು ತುದಿ ಮರಕ್ಕೇ ಅಂಟಿಕೊಂಡಿರುತ್ತೆ. ಕೆಟ್ಟ ಮರ ಆದರೆ ಸಿಬಿರು ಏಳೋದೇ ಇಲ್ಲ, ಮೊನೆಯ ಮೇಲೇ ಬಿಸ್ಕತ್ತಿನ ಹಾಗೆ ಸದ್ದಿಲ್ಲದೆ ಮುರಿದು ಬೀಳುತ್ತೆ. ಕಣ್ಣಿಗೆ ಗಟ್ಟಿಯಾಗಿ ಕಾಣೋ, ಆದರೆ ಅಣಬೆ ಆಗಲೇ ಹೊಕ್ಕಿರೋ ಮರವನ್ನೂ ಈ ಪರೀಕ್ಷೆ ಹಿಡಿದುಕೊಡುತ್ತೆ. ಕೊಡಲಿ ಹಿಂಬದಿಯಿಂದ ಬಡಿದು ಠಣ್ ಅನ್ನುತ್ತಾ, ಧಪ್ ಅನ್ನುತ್ತಾ ಅಂತ ಕೇಳೋದು ಎಲ್ಲರಿಗೂ ಗೊತ್ತಿರೋದೇ, ಆದರೆ ಮೇಲೆ 2 ಇಂಚು ಲಡ್ಡಿದ್ದರೆ ಒಳಗೆ ಕಬ್ಬಿಣದಂಥ ಚೇಗಿದ್ದರೂ ಧಪ್ ಅಂತಲೇ ಕೇಳುತ್ತೆ. ಕೆತ್ತಿದ ಮೇಲೇ ಬಡೀರಿ.

ಇನ್ನು ನಿಮ್ಮ ಅಳತೆಯ ಲೆಕ್ಕ. 7 ಅಡಿ ಸುತ್ತಳತೆ ಅಂದರೆ ಅಡ್ಡಗಲ ಸುಮಾರು 68 ಸೆಂ.ಮೀ. 20 ಅಡಿ ಉದ್ದಕ್ಕೆ ಒಟ್ಟು ಸುಮಾರು 2.2 ಘನ ಮೀಟರ್. ಸುತ್ತಲೂ 2 ಇಂಚು ಹೋದರೆ ಅಡ್ಡಗಲ 58ಕ್ಕೆ ಇಳೀತು, ಉಳಿದದ್ದು 1.6 ಘನ ಮೀಟರ್. ಬರೀ 2 ಇಂಚು ಅನ್ನಿಸಿದರೂ ಕಾಲು ಭಾಗಕ್ಕಿಂತ ಜಾಸ್ತಿ ಮರ ಅದರಲ್ಲೇ ಹೋಯ್ತು. ಪೊಟರೆ ನೋಡಿ ಜನ ಹೆದರ್ತಾರೆ. 20 ಸೆಂ.ಮೀ. ಅಗಲದ ಪೊಟರೆ ಬುಡದಿಂದ ತುದಿವರೆಗೂ ಇದೆ ಅಂತ ಇಟ್ಟುಕೊಂಡರೂ ಹೋಗೋದು 0.2 ಘನ ಮೀಟರ್‌ಗಿಂತ ಕಡಿಮೆ. ಹೊರಗಿನ ನಷ್ಟದ ಮೂರನೇ ಒಂದು ಪಾಲು ಅಷ್ಟೇ. ಉಳಿದ 1.4 ಘನ ಮೀಟರ್ ಚೇಗು ಗಟ್ಟಿ ಇದ್ದರೆ, ಬೊಡ್ಡೆ ಮೇಲಕ್ಕೆ ಹೋದ ಹಾಗೆ ಸಣ್ಣದಾಗೋದನ್ನ ಕಳೆದರೂ, 10 ಕ್ವಿಂಟಲ್ ಆಸುಪಾಸು ಮೊದಲ ದರ್ಜೆ ಕಟ್ಟಿಗೆ ಸಿಗಬೇಕು. ಗರಗಸದ ಬಾಡಿಗೆಯನ್ನ ಈ 10 ಕ್ವಿಂಟಲ್‌ಗೆ ಭಾಗಿಸಿ, ನಿಮ್ಮೂರಲ್ಲಿ ಕಟ್ಟಿಗೆ ಏನು ಬೆಲೆಗೆ ಸಿಗುತ್ತೆ ನೋಡಿ. ಪೂರ್ತಿ ಬೊಡ್ಡೆಗೆ 17-18 ಕ್ವಿಂಟಲ್ ಅಂತ ಎಣಿಸಿ ಗುತ್ತಿಗೆ ಮಾತಾಡಬೇಡಿ.

ಹುಣಸೆಕೊರಡು

ಚೇಗು ಅವರು ಹೇಳಿದ ತೂಕದ ಮಾತಿಗೆ ಒಂದು ಎಚ್ಚರಿಕೆ ಸೇರಿಸ್ತೀನಿ. ನಮ್ಮ ಬಯಲುಸೀಮೆ ಕಡೆ ಹುಣಸೆ, ಕರಿಜಾಲಿ, ಬೇವು ಎಲ್ಲಾ ಸತ್ತ ಮೇಲೆ ಬಿಸಿಲಿಗೆ ಬೇಗ ಒಣಗ್ತವೆ, ಕೈಯಲ್ಲಿ ಎತ್ತಿ ನೋಡಿದರೆ ಸಾಕು ತಿಳಿಯುತ್ತೆ. ನಿಮ್ಮಲ್ಲಿ ಹಾಗಲ್ಲ. ಎತ್ತಿದಾಗ ಭಾರ ಇದೆ ಅಂದ ತಕ್ಷಣ ಒಳ್ಳೆ ಸೌದೆ ಅನ್ನೋ ಹಾಗಿಲ್ಲ. ಲಡ್ಡು ಮರ ಸ್ಪಂಜಿನ ಹಾಗೆ ನೀರು ಹೀರಿ ಭಾರ ಆಗಿರುತ್ತೆ. ಒರಲೆ ತಿಂದ ಕಡೆ ಗೂಡುಗಳ ತುಂಬಾ ಮಣ್ಣು ಮೆತ್ತಿರುತ್ತೆ, ತಕ್ಕಡಿಗೆ ಆ ಮಣ್ಣೂ ಮರವೇ. ಒಡೆದು, ನೆಲಕ್ಕೆ ಕುಟ್ಟಿ ಮಣ್ಣು ಉದುರಿಸಿ, ಒಣಗಿಸಿದ ಮೇಲೇ ತೂಗಬೇಕು.

ಸರಿಯಾಗಿ ತೂಗೋ ಕ್ರಮ ಹೀಗೆ. ಬೊಡ್ಡೆಯ ಮೂರು ನಾಲ್ಕು ಕಡೆಯಿಂದ ಮುಷ್ಟಿಗಾತ್ರದ ತುಂಡು ತೆಗೀರಿ: ಚೇಗಿನ ನಡುವಿನಿಂದ ಒಂದು, ಹೊರಪದರದಿಂದ ಒಂದು, ನೆಲಕ್ಕೆ ತಾಗಿದ ಕಡೆಯಿಂದ ಒಂದು, ಕೊಂಬೆಯಿಂದ ಒಂದು. ಹಂಡೆ ಒಲೆ ಮೇಲಿನ ಅಟ್ಟದಲ್ಲಿ ಹತ್ತು ದಿನ ಇಟ್ಟು ಒಣಗಿಸಿ. ಅಡುಗೆ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡಿ. ಆಮೇಲೆ ಒಂದು ಪಾತ್ರೆಯನ್ನ ಅಗಲ ತಟ್ಟೆಯೊಳಗೆ ಇಟ್ಟು ಕಂಠಮಟ್ಟ ನೀರು ತುಂಬಿ. ತುಂಡಿಗೆ ತೆಳು ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಸುತ್ತಿ, ಕಡ್ಡಿಯಿಂದ ಒತ್ತಿ ಪೂರ್ತಿ ಮುಳುಗಿಸಿ. ತಟ್ಟೆಗೆ ಚೆಲ್ಲಿದ ನೀರನ್ನ ಅಳತೆ ಲೋಟದಲ್ಲಿ ಅಳೀರಿ. ಗ್ರಾಂ ಅನ್ನು ಮಿಲಿಲೀಟರಿನಿಂದ ಭಾಗಿಸಿ. ಚೀಲ ಸುತ್ತದೆ ಮುಳುಗಿಸಿದರೆ ಲಡ್ಡು ತುಂಡು ನೀರು ಕುಡಿದು ಲೆಕ್ಕ ತಪ್ಪುತ್ತೆ.

ಗಟ್ಟಿ ಮತ್ತಿ 0.8ರ ಆಸುಪಾಸು ಬರಬೇಕು. ಹುಣಸೆ, ಜಂಬೆ ಇನ್ನೂ ಮೇಲೆ, 0.9 ದಾಟುತ್ತೆ. ಮಾವು 0.6ರ ಹತ್ತಿರ. ಆ ಜಾತಿಗೆ ಇರಬೇಕಾದದ್ದರಲ್ಲಿ ಮುಕ್ಕಾಲು ಪಾಲಾದರೂ ಉಳಿದಿದ್ದರೆ ನಾನು ನಿಶ್ಚಿಂತೆಯಿಂದ ಸೌದೆ ಅಂತೀನಿ. ಅರ್ಧಕ್ಕಿಂತ ಕೆಳಗೆ ಹೋಗಿದ್ದರೆ ಅದನ್ನ ಸೀಳೋದು, ಹೊರೋದು, ಒಟ್ಟೋದು ಎಲ್ಲಾ ವ್ಯರ್ಥ ಶ್ರಮ.

ಕಡಲಗಾಳಿ

ಹಸಿಯ ವಿಷಯ ಯಾರೂ ಪೂರ್ತಿ ಹೇಳಲಿಲ್ಲ, ಅದೇ ಮುಖ್ಯ ಉಂಟು. ನಿಂತು ಸತ್ತ ಮರ ಒಣಗಿದೆ ಅಂತ ನಂಬುವುದು ನಮ್ಮ ಕರಾವಳಿ, ಮಲೆನಾಡಿನ ಕಡೆ ದೊಡ್ಡ ತಪ್ಪು ಮಾರಾಯ್ರೆ. ತೆಳು ಕೊಂಬೆಗಳು ಒಣಗಿರುತ್ತವೆ, ಹೌದು. ಎರಡು ಅಡಿ ದಪ್ಪದ ಬೊಡ್ಡೆಯ ಒಳಗಿನ ನೀರು ಹೊರಗೆ ಬರುವುದು ಬಹಳ ನಿಧಾನ. ಮರದ ನೀರು ಮುಖ್ಯವಾಗಿ ಎಳೆಯುದ್ದಕ್ಕೆ, ತುದಿಗಳ ಕಡೆ ಹೋಗುತ್ತದೆ. ಇಪ್ಪತ್ತು ಅಡಿ ಕುಂಟೆಯ (ದುಂಡು ಬೊಡ್ಡೆಯ) ನಡುವಿನ ನೀರಿಗೆ ತುದಿಯೇ ಸಿಗುವುದಿಲ್ಲ. ಅದರ ಮೇಲೆ ವರ್ಷವರ್ಷ ನಾಲ್ಕು ತಿಂಗಳು ಜಡಿಮಳೆ, ಹೊರಗೆ ಸ್ಪಂಜಿನಂಥ ಲಡ್ಡು ಪದರ. ಅದು ಒದ್ದೆ ಕಂಬಳಿ ಹೊದಿಸಿದ ಹಾಗೆ.

ಮನೆಯಲ್ಲೇ ನೋಡುವುದಾದರೆ: ಕುಂಟೆಯ ತುದಿಯಿಂದ ಒಂದೂವರೆ ಎರಡು ಅಡಿ ಒಳಗೆ ಕುಯ್ದು, ಆ ಹೊಸ ಮೈಯ ನಡುವಿನಿಂದ ತೆಳು ಚಕ್ಕೆ 100 ಗ್ರಾಂ ತೆಗೆಯಿರಿ. ತುದಿಯ ಚಕ್ಕೆ ಬೇಡ, ಅದು ಯಾವಾಗಲೂ ಒಣಗಿಯೇ ಇರುತ್ತದೆ, ಸುಳ್ಳು ಹೇಳುತ್ತದೆ. ತೆಗೆದ ತಕ್ಷಣ ತೂಗಬೇಕು. ಆಮೇಲೆ ಕೇಕ್ ಮಾಡುವ ಓವನ್ ಇದ್ದರೆ 105 ಡಿಗ್ರಿಯಲ್ಲಿ ಇಟ್ಟು, ಗಂಟೆಗೊಮ್ಮೆ ತೂಗಿ, ಎರಡು ಸಲ ಒಂದೇ ತೂಕ ಬರುವವರೆಗೆ ಒಣಗಿಸಿ. ಮೇಲಿಂದ ಶಾಖ ಜಾಸ್ತಿ ಮಾಡಬೇಡಿ, ಚಕ್ಕೆ ಕರಟಿದರೆ ಮರವೇ ಕಡಿಮೆಯಾಗಿ ಲೆಕ್ಕ ಕೆಡುತ್ತದೆ. 100 ಗ್ರಾಂ 80ಕ್ಕೆ ಇಳಿದರೆ ನೂರಕ್ಕೆ 20 ಪಾಲು ನೀರು. ಅಲ್ಲಿಗೆ ಒಲೆಗೆ ಹಾಕಬಹುದು. 15 ಪಾಲು ಆದರೆ ಇನ್ನೂ ಒಳ್ಳೆಯದು.

ತೇವ ಅಳೆಯುವ, ಮರಕ್ಕೆ ಚುಚ್ಚುವ ಮೀಟರ್ ಇದ್ದವರು ಒಂದು ಗಮನಿಸಬೇಕು. ಅದು ಹೇಳುವುದು ಒಣ ಮರದ ತೂಕಕ್ಕೆ ನೀರು ಎಷ್ಟು ಅಂತ. ಮೇಲಿನ ಲೆಕ್ಕದ 20 ಪಾಲು ಮೀಟರಿನಲ್ಲಿ 25 ಅಂತ ಕಾಣುತ್ತದೆ, ಯಾಕೆಂದರೆ 80 ಗ್ರಾಂ ಮರಕ್ಕೆ 20 ಗ್ರಾಂ ನೀರು. ಎರಡು ಲೆಕ್ಕ ಕಲಸಿಕೊಂಡು ಜಗಳ ಆಡುವವರು ತುಂಬಾ ಜನ ಇದ್ದಾರೆ. ಮೀಟರನ್ನು ಹೊಸದಾಗಿ ಸೀಳಿದ ಮೈಗೇ ಚುಚ್ಚಬೇಕು. 30 ದಾಟಿದ ಮೇಲೆ ಅದರ ಸಂಖ್ಯೆಯನ್ನು ಅಷ್ಟು ನಂಬುವ ಹಾಗಿಲ್ಲ.

ನೀರಿನಿಂದ ಆಗುವ ನಷ್ಟ ಎಷ್ಟು ಅಂದರೆ, 20 ಪಾಲು ನೀರಿರುವ 1 ಕಿಲೋ ಕಟ್ಟಿಗೆಯಿಂದ ಸುಮಾರು 3500 ಕಿಲೋಕ್ಯಾಲೊರಿ ಸಿಗುತ್ತದೆ. 40 ಪಾಲು ಇದ್ದರೆ 2450ರ ಹತ್ತಿರ. ಒಂದು ಹಂಡೆ, 60 ಲೀಟರ್ ನೀರನ್ನು 25ರಿಂದ 50 ಡಿಗ್ರಿಗೆ ಏರಿಸಲು 1500 ಬೇಕು. ಹಂಡೆ ಒಲೆಯಲ್ಲಿ ಐದರಲ್ಲಿ ಒಂದು ಪಾಲು ಶಾಖ ನೀರಿಗೆ ಸೇರುತ್ತದೆ ಅಂತ ಹಿಡಿದರೆ, ಒಣ ಕಟ್ಟಿಗೆ 2 ಕಿಲೋಗೆ ಮುಗಿಯುವ ಕೆಲಸಕ್ಕೆ ಹಸಿದು 3 ಕಿಲೋ ಬೇಕು. ನಿಜದಲ್ಲಿ ಇನ್ನೂ ಜಾಸ್ತಿ ಹೋಗುತ್ತದೆ. ಹಸಿ ಕಟ್ಟಿಗೆಯ ಉರಿ ತಣ್ಣಗೆ, ಅರ್ಧ ಅನಿಲ ಉರಿಯದೆ ಹೊಗೆಯಾಗಿ ಹೋಗಿ ನಳಿಕೆಯಲ್ಲಿ ಡಾಂಬರಿನ ಹಾಗೆ ಮಸಿ ಕಟ್ಟುತ್ತದೆ. ತುಂಡಿನ ತುದಿಯಲ್ಲಿ ನೊರೆ ಬಂದು ಸುಂಯ್ ಅಂದರೆ ಆ ಕಟ್ಟಿಗೆಯನ್ನು ಹೊರಗೆ ಎಳೆಯಿರಿ, ಅದರ ಕಾಲ ಬಂದಿಲ್ಲ.

ತೋಟದಂಚು

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ ಹಾಗೇ ಮಾಡಿ ನೋಡಿದ ಅಂಕಿ ಇಲ್ಲಿ ಹಾಕ್ತಾ ಇದೀನಿ.

ಅಟ್ಟದಲ್ಲಿ ಒಣಗಿಸಿದ ತುಂಡುಗಳು: ಚೇಗಿನದು 640 ಗ್ರಾಂ, ಚೆಲ್ಲಿದ ನೀರು 780 ಮಿ.ಲೀ. ಕೊಂಬೆಯದು 500 ಗ್ರಾಂ, 640 ಮಿ.ಲೀ. ನೆಲಕ್ಕೆ ತಾಗಿದ ಕಡೆಯದು ಮಣ್ಣು ಉದುರಿಸಿ 410 ಗ್ರಾಂ, 690 ಮಿ.ಲೀ. ಹೊರಪದರ 190 ಗ್ರಾಂ, 520 ಮಿ.ಲೀ.

ಓವನ್ನಿನಲ್ಲಿ: ಬೊಡ್ಡೆಯ ನಡುವಿನ ಚಕ್ಕೆ 100 ಗ್ರಾಂ 77ಕ್ಕೆ ನಿಂತಿತು. ಹೊರಪದರ 100 ಗ್ರಾಂ 61ಕ್ಕೆ.

ಸಿಬಿರು ಪರೀಕ್ಷೆಯಲ್ಲಿ ಚೇಗು ಚಟ್ ಅಂತ ಎದ್ದಿತು, ಗೇಣುದ್ದ. ನೆಲದ ಕಡೆಯದು ಒಂದು ಜಾಗದಲ್ಲಿ ಎದ್ದಿತು, ಇನ್ನೊಂದು ಜಾಗದಲ್ಲಿ ಮುರೀತು. ಇದರ ಮೇಲೆ ಏನು ಮಾಡಬಹುದು?

ಚೇಗು

ಇಷ್ಟು ನೀಟಾಗಿ ಅಳೆದು ಹಾಕಿದ್ದಕ್ಕೆ ಖುಷಿಯಾಯ್ತು, ಇನ್ನು ಊಹೆ ಮಾಡೋದು ಏನೂ ಉಳಿದಿಲ್ಲ.

ಚೇಗು 0.82. ಏಳು ವರ್ಷದಲ್ಲಿ ಏನೂ ಕಳ್ಕೊಂಡಿಲ್ಲ ಅಂತಲೇ ಹೇಳಬಹುದು. ಕೊಂಬೆ 0.78, ಅದೂ ಸರಿ ಇದೆ. ಕೊಂಬೆಗಳು ನೆಲ ಮುಟ್ಟದೆ ಮೇಲೆ ಗಾಳಿಯಲ್ಲಿ ನಿಂತಿದ್ದರಿಂದ ಬದುಕಿವೆ. ಹೊರಪದರ 0.36 ಚಿಲ್ಲರೆ, ಅಂದರೆ ಅರ್ಧಕ್ಕಿಂತ ಜಾಸ್ತಿ ಅಣಬೆಯ ಹೊಟ್ಟೆಗೆ ಹೋಗಿದೆ. ಉಳಿದದ್ದರಲ್ಲೂ 39 ಪಾಲು ನೀರು. ನೆಲದ ಕಡೆಯದು 0.59, ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ. ಇದು ಅಂಚಿನಲ್ಲಿರೋ ಮಾಲು. ಈಗ ಕುಯ್ದು ಒಣಗಿಸಿದರೆ ಕಟ್ಟಿಗೆ, ಇನ್ನೊಂದು ಮಳೆಗಾಲ ನೆಲದ ಮೇಲೆ ಬಿಟ್ಟರೆ ಗೊಬ್ಬರ. ಗರಗಸದವರು ಬಂದಾಗ ಮೊದಲು ಆ ಮಗ್ಗುಲನ್ನೇ ನೆಲದಿಂದ ಎತ್ತಿಸಿ.

ನಡುವಿನ ಚಕ್ಕೆಯಲ್ಲಿ 23 ಪಾಲು ನೀರಿದೆ. ಮರುದಿನವೇ ಒಲೆಗೆ ಹಾಕಬಹುದು ಅನ್ನೋ ಮಾತು ಇಲ್ಲಿಗೆ ಬಿದ್ದುಹೋಯ್ತು. ಆದರೆ ಹಸಿ ಮರದ ಹಾಗೆ ಒಂದು ವರ್ಷ ಕಾಯಬೇಕಾಗಿಲ್ಲ. ಫೆಬ್ರವರಿ ಒಳಗೆ ಕುಯ್ದು ಸೀಳಿ ಒಟ್ಟಿದರೆ ಮೇ ಮುಗಿಯೋದರೊಳಗೆ 15ರ ಹತ್ತಿರ ಬರುತ್ತೆ. ಹಂಡೆ ಒಲೆಗೆ ಒಂದೂವರೆ ಅಡಿ ಉದ್ದ, 3ರಿಂದ 4 ಇಂಚು ದಪ್ಪದ ಸೀಳು. ಅಡಿಕೆ ಬೇಯಿಸೋ ಒಲೆಗೆ ಉದ್ದನೆಯದು ಹಿಡಿಸುತ್ತೆ, ಎರಡೂವರೆ ಅಡಿ ಇರಲಿ, ದಪ್ಪ ಮಾತ್ರ 5 ಇಂಚು ದಾಟಬೇಡಿ. ಒಣಗೋದು ದಪ್ಪದ ಮೇಲೆ ನಿಂತಿದೆ, ದುಂಡು ಕುಂಟೆಯಾಗಿ ಬಿಟ್ಟರೆ ಮೂರು ತಿಂಗಳ ಬಿಸಿಲೂ ಸಾಲಲ್ಲ.

ಒಣಗಿದ ಚೇಗು ಸೀಳೋದು ಕಷ್ಟ ಅನ್ನೋದನ್ನೂ ಮೊದಲೇ ತಿಳ್ಕೊಳ್ಳಿ. ಕೊಡಲಿ ಪುಟಿದು ವಾಪಸ್ ಬರುತ್ತೆ. ಕುಂಟೆಯ ತುದಿಯಲ್ಲಿ ಈಗಾಗಲೇ ಬಿಟ್ಟಿರೋ ಬಿರುಕು ನೋಡಿ, ಅದರ ಸಾಲಿನಲ್ಲೇ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೀಬೇಕು. ಒಂದು ಬೆಣೆ ಕಚ್ಚಿಕೊಂಡರೆ ಅದರ ಮುಂದೆ ಇನ್ನೊಂದು ಹೊಡೆದು ಬಿಡಿಸಬೇಕು, ಹಾಗಾಗಿ ಎರಡಕ್ಕಿಂತ ಕಡಿಮೆ ಬೆಣೆ ಇಟ್ಟುಕೊಂಡು ಶುರು ಮಾಡಬೇಡಿ. ಪೊಟರೆ ಇರೋ ಬುಡದ ತುಂಡು ಮಾತ್ರ ಸುಲಭ, ನಡುವೆ ಹಿಡಿದಿಡೋಕೆ ಏನೂ ಇಲ್ಲದ್ದರಿಂದ ಸುತ್ತಲಿಂದ ಹಲಗೆ ಬಿಟ್ಟ ಹಾಗೆ ಬಿಡುತ್ತೆ.

ಗರಗಸದ ಹಲ್ಲು

ಕುಯ್ಯುವವರ ಕಡೆಯಿಂದ ಕೆಲವು ಮಾತು. ಲಡ್ಡು ಪದರ ಮತ್ತು ಒರಲೆ ಮಣ್ಣನ್ನ ಕುಯ್ಯೋ ಜಾಗದಲ್ಲಿ ಒಂದು ಗೇಣು ಅಗಲಕ್ಕಾದರೂ ಕೊಡಲಿಯಿಂದ ಕೆತ್ತಿ ತೆಗೆಸಿ. ಹತ್ತು ನಿಮಿಷದ ಕೆಲಸ. ಒರಲೆ ಮಣ್ಣಿನಲ್ಲಿ ಮರಳಿನ ಕಣ ಇರುತ್ತೆ, ಚೈನಿನ ಹಲ್ಲು ಒಂದೇ ಕುಯ್ತಕ್ಕೆ ಬೋಳಾಗುತ್ತೆ. ಹಾಗೆ ಮಾಡಿಸದೆ "ಮತ್ತಿ ತುಂಬಾ ಗಟ್ಟಿ, ಚೈನು ತಿಂತು" ಅಂತ ಬಾಡಿಗೆ ಏರಿಸಿದರೆ ತಪ್ಪು ಮರದ್ದಲ್ಲ.

ಹೊಟ್ಟು ನೋಡಿಯೂ ಮರ ತಿಳಿಯುತ್ತೆ. ಹರಿತ ಚೈನು ಗಟ್ಟಿ ಮರದಲ್ಲಿ ಸಣ್ಣ ಸಣ್ಣ ಚೂರು ಉಗುಳುತ್ತೆ. ಲಡ್ಡು ಬಂದ ಕೂಡಲೇ ಚೂರು ನಿಂತು ನುಣ್ಣನೆ ಪುಡಿ ಬರುತ್ತೆ, ಗರಗಸ ತಾನಾಗೇ ಕೆಳಗಿಳಿಯುತ್ತೆ. ಪುಡಿ ಬರ್ತಾ ಇದೆ ಆದರೆ ಗರಗಸ ಇಳೀತಾ ಇಲ್ಲ, ಒತ್ತಬೇಕಾಗ್ತಿದೆ ಅಂದರೆ ಮರ ಚೆನ್ನಾಗಿದೆ, ಚೈನು ಮೊಂಡಾಗಿದೆ. ಈ ಎರಡು ಪುಡಿಯ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆ ಬೊಡ್ಡೆಯನ್ನ ಲಡ್ಡು ಅಂತ ಅರ್ಧಕ್ಕೆ ಬಿಟ್ಟುಹೋಗೋದುಂಟು.

ಪೊಟರೆಯೊಳಗೆ ಮೊದಲು ಉದ್ದ ಕೋಲು ಹಾಕಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ದೂರ ನಿಂತು ನೋಡಿ. ಹಾವು, ಜೇನು, ಚೇಳು ಏನು ಬೇಕಾದರೂ ಇರಬಹುದು. ಲಡ್ಡು ಕುಯ್ಯುವಾಗ ಏಳೋ ಧೂಳಿನಲ್ಲಿ ಅಣಬೆಯ ಬೀಜಕಣ ತುಂಬಿರುತ್ತೆ, ಮೂಗಿಗೆ ಮಾಸ್ಕ್ ಕಟ್ಟದೆ ಯಾರೂ ಹತ್ತಿರ ನಿಲ್ಲಬಾರದು, ದಮ್ಮು ಇರೋರಂತೂ ಬರಲೇಬಾರದು. ನಿಮ್ಮ ಮರ ಬುಡ ಕಿತ್ತು ಬಿದ್ದಿರೋದರಿಂದ ಬೇರಿನ ಮಣ್ಣಿನ ಗುಡ್ಡೆ ಎದ್ದು ನಿಂತಿರುತ್ತೆ. ಬೊಡ್ಡೆ ಕುಯ್ದು ಬೇರೆ ಮಾಡಿದ ಕ್ಷಣ ಬೇರಿನ ಗುಡ್ಡೆ ಗುಂಡಿಗೆ ವಾಪಸ್ ಕೂರಬಹುದು. ಅದರ ಹಿಂದೆ, ಗುಂಡಿಯೊಳಗೆ, ಮಕ್ಕಳು ದನಕರು ಯಾರೂ ಇರದ ಹಾಗೆ ನೋಡ್ಕೊಳ್ಳಿ. ಇದರಲ್ಲಿ ಪ್ರಾಣ ಹೋಗುತ್ತೆ.

ನಿಂತಿರೋ ಸತ್ತ ಮರ ಇದ್ದವರು ಯಾರಾದರೂ ಓದ್ತಾ ಇದ್ದರೆ: ಅದನ್ನ ಕೆಡವೋದು ಬೇರೆಯೇ ಕೆಲಸ. ಗರಗಸದ ನಡುಕಕ್ಕೇ ಮೇಲಿನ ಒಣ ಕೊಂಬೆ ಮುರಿದು ತಲೆ ಮೇಲೆ ಬೀಳುತ್ತೆ, ಲಡ್ಡು ಬುಡ ಅಂದುಕೊಂಡ ಕಡೆಗೆ ಬಾಗಲ್ಲ. ಹಗ್ಗ ಕಟ್ಟಿ ಎಳೆಸಬಲ್ಲ, ಈ ಕೆಲಸದಲ್ಲಿ ಪಳಗಿದವರಿಗೇ ಕೊಡಿ.

ಕಡಲಗಾಳಿ

ಒಟ್ಟುವ ಕ್ರಮ ಹೇಳಿಬಿಡುತ್ತೇನೆ, ಇಲ್ಲಿ ಕೆಟ್ಟರೆ ಮೇಲಿನದ್ದೆಲ್ಲಾ ನೀರಲ್ಲಿ ಹೋಮ. ಕೆಳಗೆ ಕಲ್ಲಿಟ್ಟು ಎರಡು ಗಳು ಹಾಸಿ, ನೆಲದಿಂದ ಅರ್ಧ ಅಡಿಯಾದರೂ ಮೇಲೆ ಇರಬೇಕು. ಸೀಳಿದ ಮೈಗೆ ಗಾಳಿ ತಾಗುವ ಹಾಗೆ ಸಡಿಲವಾಗಿ ಒಟ್ಟಿ. ಮೇಲೆ ಮಾತ್ರ ಶೀಟು, ಸುತ್ತ ಬಯಲು. ಕಪ್ಪು ಪ್ಲಾಸ್ಟಿಕ್ ಹಾಸನ್ನು ನಾಲ್ಕೂ ಕಡೆ ಸುತ್ತಿ ಕಟ್ಟುತ್ತಾರೆ, ಅದು ಬಿಸಿಲಿಗೆ ಒಳಗೇ ಬೆವತು ಕಟ್ಟಿಗೆಗೆ ಬೂಷ್ಟು ಹಿಡಿಸುತ್ತದೆ. ಮೇ ಕೊನೆಗೆ, ಮೊದಲ ಮಳೆ ಬೀಳುವ ಮೊದಲು, ಕಟ್ಟಿಗೆ ಕೊಟ್ಟಿಗೆಗೆ ಸೇರಬೇಕು.

20 ಪಾಲಿಗಿಂತ ಕೆಳಗೆ ಒಣಗಿದ ಮರದಲ್ಲಿ ಅಣಬೆ ಬೆಳೆಯುವುದಿಲ್ಲ. ಸಾಯುವುದೂ ಇಲ್ಲ, ಸುಮ್ಮನೆ ಮಲಗಿರುತ್ತದೆ. ಪುನಃ ಒದ್ದೆಯಾದರೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಹಾಗಾಗಿ ಆ 0.59ರ ನೆಲದ ಕಡೆಯ ಕಟ್ಟಿಗೆಯನ್ನು ಬೇರೆಯಾಗಿ, ಮುಂದುಗಡೆ ಒಟ್ಟಿ ಮೊದಲು ಖರ್ಚು ಮಾಡಿ. ಚೇಗು ಹಿಂದೆ ಇರಲಿ, ಅದಕ್ಕೆ ಅವಸರ ಇಲ್ಲ.

ಒರಲೆ ಮನೆಗೆ ಬರುತ್ತದೋ ಅಂತ ಕೇಳುವವರಿದ್ದಾರೆ. ಮಣ್ಣಿನ ಸಂಪರ್ಕ ತಪ್ಪಿ, ಸೀಳಿ, ಬಿಸಿಲಿಗೆ ಬಿದ್ದ ತುಂಡಿನಲ್ಲಿ ಅದು ಬಾಳುವುದಿಲ್ಲ. ತುಂಡಿನ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳ. ಆ ಕಟ್ಟಿಗೆಯನ್ನು ಮರದ ತೊಲೆ, ಬಾಗಿಲು ಇರುವ ಗೋಡೆಗೆ ತಾಗಿಸಿ ಒಟ್ಟಬೇಡಿ.

ಮತ್ತೊಂದು, ತೊಗಟೆ ಉದುರಿದ ಹಳೇ ಮರದ ಜಾತಿ ಗುರುತು ಹಿಡಿಯುವುದು ಕಷ್ಟ. ಕರಿಮತ್ತಿಗೆ ಮೊಸಳೆ ಚರ್ಮದಂಥ ತೊಗಟೆ ಅಲ್ಲಲ್ಲಿ ಉಳಿದಿರುತ್ತದೆ, ಆದ್ದರಿಂದ ನಿಮ್ಮದಕ್ಕೆ ಸಂಶಯ ಇಲ್ಲ. ಗುರುತು ಸಿಗದ ಸತ್ತ ಮರವನ್ನು ಒಲೆಗೆ ಹಾಕುವ ಮೊದಲು ಹೊಳೆಗೇರು, ಕಾಡುಗೇರು ಅಲ್ಲ ಅಂತ ತಿಳಿದವರಿಂದ ಖಾತ್ರಿ ಮಾಡಿ. ಒಣಗಿದರೂ ಅವುಗಳ ಸೊನೆಯ ನಂಜು ಉಳಿದಿರುತ್ತದೆ, ಹೊಗೆ ತಾಗಿದರೂ ಕೆಲವರಿಗೆ ಮೈಯೆಲ್ಲಾ ಬೊಕ್ಕೆ ಏಳುತ್ತದೆ. ಕಣಗಿಲೆ ಕಡ್ಡಿಯೂ ಬೇಡ.

ಗಡಿಕಲ್ಲು

ಕಾಗದದ ವಿಷಯ ಚುಟುಕಾಗಿ. ಒಣಗಿ ಬಿದ್ದದ್ದು, ಸ್ವಂತ ಜಾಗ, ಆದರೂ ಮತ್ತಿ ಮುಟ್ಟೋ ಮೊದಲು ವಲಯ ಅರಣ್ಯ ಕಚೇರಿಗೆ ಒಂದು ಅರ್ಜಿ ಕೊಡಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ, ರೋಗ ಬಂದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸೋ ಹಾಗಿಲ್ಲ. ಅರ್ಜಿಯಲ್ಲಿ ಆ ಮಾತನ್ನೇ ಬರೀರಿ, ಬಿದ್ದ ಮರದ ಫೋಟೋ ಮತ್ತು ಪಹಣಿ ಲಗತ್ತಿಸಿ. ಕುಯ್ಯೋ ಮೊದಲೇ ಫೋಟೋ ತೆಗೀರಿ, ತುಂಡಾದ ಮೇಲೆ ಅದು ಹಸಿ ಇತ್ತೋ ಒಣಗಿತ್ತೋ ಯಾರೂ ಹೇಳೋಕಾಗಲ್ಲ. ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟಿರೋ ಕಾಡಿನ) ಮರ ಆದರೆ ಈ ಮಾತು ಅನ್ವಯಿಸಲ್ಲ, ಅದರ ನಿಯಮವೇ ಬೇರೆ, ಕಚೇರಿಯಲ್ಲೇ ಕೇಳಬೇಕು.

ತೋಟದಂಚು

ಅರ್ಜಿ ಕೊಡ್ತೀನಿ. ಕೊನೇದಾಗಿ ಒಂದು ಪ್ರಶ್ನೆ. ಕೆತ್ತಿ ತೆಗೆದ ಲಡ್ಡು ಪದರ ಅರ್ಧ ಗಾಡಿಯಷ್ಟಾದರೂ ಆಗುತ್ತೆ. ಒಣಗಿಸಿ ಹಂಡೆ ಒಲೆಗೆ ತುರುಕಿದರೆ ಆಗಲ್ವಾ? ಉದುರಿದ ತೊಗಟೆಯೂ ರಾಶಿ ಇದೆ.

ಹುಣಸೆಕೊರಡು

ಆಗುತ್ತೆ, ಎರಡು ಬುಟ್ಟಿ ಇಟ್ಕೊಳ್ಳಿ, ಒಲೆ ಹೊತ್ತಿಸೋಕೆ. ಒಣಗಿದ ಲಡ್ಡು ಕಿಡಿ ಬಿದ್ದರೆ ಸಾಕು ಹಿಡಿಯುತ್ತೆ. ಅದೇ ಗುಣ ಅಪಾಯವೂ ಹೌದು. ಜ್ವಾಲೆ ಇಲ್ಲದೆ ಒಳಗೊಳಗೇ ಗಂಟೆಗಟ್ಟಲೆ ಬೂದಿ ಮುಚ್ಚಿದ ಕೆಂಡವಾಗಿರುತ್ತೆ. ರಾತ್ರಿ ಒಲೆಬಾಯಿಂದ ಅರ್ಧ ಸುಟ್ಟ ಲಡ್ಡು ತುಂಡು ಎಳೆದು ಕಟ್ಟಿಗೆ ರಾಶಿ ಪಕ್ಕ ಇಡಬಾರದು, ಆರಿದೆ ಅಂತ ಕಂಡರೂ ನೀರಲ್ಲಿ ಅದ್ದಲೇಬೇಕು. ಹಂಡೆ ಕಾಯಿಸೋಕೆ ಅದನ್ನೇ ನೆಚ್ಚಿಕೊಂಡರೆ ಒಲೆ ಮುಂದೆ ಕೂತು ತುಂಬ್ತಾನೇ ಇರಬೇಕು, ಕೆಂಡ ನಿಲ್ಲಲ್ಲ. ಅಡಿಕೆ ಬೇಯಿಸೋ ಒಲೆಗಂತೂ ಬೇಡ, ಅಲ್ಲಿ ಒಂದೇ ಸಮನೆ ಕುದಿ ಬೇಕು.

ಚೇಗು

ಉಳಿದ ಲಡ್ಡನ್ನ ಅಡಿಕೆ ಬುಡಕ್ಕೆ ಹರಡಿ, ಮೇಲೆ ಸೊಪ್ಪು ಮುಚ್ಚಿ. ನೀರು ಹಿಡಿಯೋ ಗುಣ ಅಲ್ಲಿ ಕೆಲಸಕ್ಕೆ ಬರುತ್ತೆ, ಬೇಸಿಗೆಯಲ್ಲಿ ಬುಡ ತಂಪಾಗಿರುತ್ತೆ. ಮಣ್ಣಿಗೆ ಕಲಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕ ಎಳ್ಕೊಳ್ಳುತ್ತೆ, ಮೇಲೆ ಹಾಸಿದರೆ ಆ ತೊಂದರೆ ಇಲ್ಲ. ಒರಲೆ ಇರೋ ತುಂಡು ಮಾತ್ರ ಎಳೇ ಸಸಿಗಳ ಹತ್ತಿರ ಹಾಕಬೇಡಿ.

ಮತ್ತಿ ತೊಗಟೆಯಲ್ಲಿ ಸುಣ್ಣದ ಅಂಶ ಜಾಸ್ತಿ. ಅದರ ಬೂದಿಯನ್ನ ಎಲೆಅಡಿಕೆಗೆ ಸುಣ್ಣವಾಗಿ ಬಳಸಿದ್ದೂ ಉಂಟು. ಒಲೆಗೆ ಹಾಕಿದರೆ ಉರಿ ಕಡಿಮೆ, ಬೂದಿ ಜಾಸ್ತಿ, ದಿನಕ್ಕೆರಡು ಸಲ ಬೂದಿ ಬಾಚಬೇಕಾಗುತ್ತೆ. ತೊಗಟೆಯನ್ನೂ ತೋಟಕ್ಕೇ ಹಾಕಿ. ಬೇರಿನ ಗುಡ್ಡೆ ತಂಟೆಗೆ ಹೋಗಬೇಡಿ. ಬೇರಿನೊಳಗೆ ಕಲ್ಲು ಕಚ್ಚಿಕೊಂಡಿರುತ್ತೆ, ಅದರಿಂದ ಸಿಗೋ ಒಂದು ಕ್ವಿಂಟಲ್ ಕಟ್ಟಿಗೆಗೆ ಎರಡು ಚೈನು ಹೋಗುತ್ತೆ. ಬೊಡ್ಡೆ ಕುಯ್ಯುವಾಗ ಬುಡದ ಕಡೆ ಒಂದೂವರೆ ಅಡಿ ಬಿಟ್ಟೇ ಗೆರೆ ಹಾಕಿಸಿ.